ಮೊಗೆಕಾಯಿ ಅಜ್ಜಿಯ ದನಿ

ಕಾರವಾರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಲಿಸಲು ತೊಡಗಿ ಇಪ್ಪತ್ತಾರು ವರ್ಷವಾಯಿತು. ನಡುವೆ ಒಂದು ವರ್ಷದ ಮಟ್ಟಿಗೆ, ಭಾನುವಾರಗಳಂದು ಮಾತ್ರ, ನಾನು ಮೊಗೆಕಾಯಿಯೂ ಆಗಿದ್ದೆ. ತಮಾಷೆಗೆ ಹೇಳುತ್ತಿಲ್ಲ. ಹಣ್ಣು ತರಕಾರಿಗಳು ಮಾತಾಡುವ, ದೋಣಿ ಹತ್ತಿ ಊರೂರು ಸುತ್ತುವ, ಅಪಾಯಕ್ಕೆ ಸಿಕ್ಕಿ ಪಾರಾಗುವ ಒಂದು ಮಕ್ಕಳ ಕಾರ್ಟೂನ್ ಸರಣಿ ಇತ್ತು. ಯಾವುದೋ ದೇಶದಲ್ಲಿ ತಯಾರಾದದ್ದು. ಅದಕ್ಕೆ ಕನ್ನಡ ಮಾತು ಕೂರಿಸುವ ಕೆಲಸ ಮಡಗಾಂವಿನ ಒಂದು ಸಣ್ಣ ಸ್ಟುಡಿಯೋಕ್ಕೆ ಸಿಕ್ಕಿತ್ತು. ಅದರಲ್ಲಿ ಅಜ್ಜಿ ತರಕಾರಿಯ ದನಿ ನನ್ನದು.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ನನ್ನ ಹಳೆಯ ವಿದ್ಯಾರ್ಥಿನಿ, ಮಾಜಾಳಿಯ ಹುಡುಗಿ. ಮಾಜಾಳಿಯಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗಿಬರುವವರಲ್ಲಿ ಅವಳೂ ಒಬ್ಬಳು. ಆ ಸ್ಟುಡಿಯೋದಲ್ಲಿ ಚಿತ್ರಕ್ಕೆ ದನಿ ಜೋಡಿಸುತ್ತಿದ್ದಳು. ಒಂದು ಸಂಜೆ ಕೋಡಿಬಾಗದ ನಮ್ಮ ಮನೆಗೆ ಬಂದು ಚಾ ಕುಡಿಯುತ್ತ ವಿಷಯ ತೆಗೆದಳು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ.

"ಅಕ್ಕೋರೆ, ಕನ್ನಡ ಮಾತಾಡೂರು ಬೇಕಾಗಿದ್ರು. ಅಲ್ಲಿ ಎಲ್ಲಾ ಕೊಂಕಣಿಯವ್ರೇ. ನೀವು ಪದ್ಯ ಓದೂದು ಕೇಳಿ ಹಿಂದಿನ ಬೆಂಚಿನವ್ರಿಗೂ ಎಚ್ಚರ ಆಗ್ತಿತ್ತು. ನೀವೇ ಬನ್ನಿ."

ಹೊಗಳಿಕೆಗೆ ಬಗ್ಗದ ಮೇಷ್ಟ್ರನ್ನು ನಾನಿನ್ನೂ ಕಂಡಿಲ್ಲ. ಒಪ್ಪಿಕೊಂಡೆ. ಮುಂದಿನ ಭಾನುವಾರ ಬೆಳಿಗ್ಗೆ ರೈಲು ಹತ್ತಿ ಮಡಗಾಂವಿಗೆ ಹೋದೆ.

ಸ್ಟುಡಿಯೋ ಅಂದರೆ ನಮ್ಮ ಅಡುಗೆಮನೆಗಿಂತ ಸಣ್ಣ ಕೋಣೆ. ಗೋಡೆಗೆಲ್ಲ ಸ್ಪಂಜು. ಕಿವಿಗೆ ಹೆಡ್‌ಫೋನು, ಎದುರಿಗೆ ಮೈಕು, ಗಾಜಿನಾಚೆ ಒಂದು ಟೀವಿ. ಟೀವಿಯಲ್ಲಿ ಕಲ್ಲಂಗಡಿ ಸಿಪ್ಪೆಯ ದೋಣಿ. ಅದರಲ್ಲೊಂದು ತುಂಟ ಮೆಣಸಿನಕಾಯಿ, ಇಬ್ಬರು ಟೊಮೆಟೊ ಅಕ್ಕತಂಗಿಯರು, ಪುಕ್ಕಲು ಬಾಳೆಹಣ್ಣು, ನಾಯಕತನದ ಗತ್ತಿನ ಬದನೆಕಾಯಿ. ತಾವು ಹುಟ್ಟಿದ ತೋಟ ಎಲ್ಲಿದೆ ಎಂದು ಇವರೆಲ್ಲ ಹುಡುಕುತ್ತ ಹೊರಟಿದ್ದಾರೆ. ಇವರನ್ನು ದಿನಾ ಬೆಳಿಗ್ಗೆ ಬೈದು ಎಬ್ಬಿಸಲು, ಸಂಜೆ ಕಥೆ ಹೇಳಿ ಮಲಗಿಸಲು ಒಬ್ಬಳು ಅಜ್ಜಿ. ಮೂಲದಲ್ಲಿ ಅದು ಯಾವ ಕಾಯಿಯೋ ದೇವರೇ ಬಲ್ಲ. ಹಳದಿ ಮೈ, ಮೇಲೆ ಗೀರು, ದೊಡ್ಡ ಹೊಟ್ಟೆ. ನಮಗೆ ಬಂದ ಕನ್ನಡ ಸ್ಕ್ರಿಪ್ಟಿನಲ್ಲಿ "ಹಳದಿ ಕುಂಬಳ ಅಜ್ಜಿ" ಎಂದು ಬರೆದಿತ್ತು. ಇದು ಮೊಗೆಕಾಯಿ, ನಮ್ಮ ಕರಾವಳಿಯ ಬಣ್ಣದ ಸೌತೆ, ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿಗೆ ತೂಗುಹಾಕಿದರೆ ಮಳೆಗಾಲ ಪೂರ್ತಿ ಕೆಡದೆ ಕೂತಿರುವ ಜೀವ, ಅಜ್ಜಿಯಾಗಲು ಇದಕ್ಕಿಂತ ಯೋಗ್ಯ ಕಾಯಿ ಬೇರೆ ಇಲ್ಲ ಎಂದು ನಾನು ವಾದ ಮಾಡಿದೆ. ನಿರ್ದೇಶಕ ಗೋವಾದವನು, ಕನ್ನಡ ಬಾರದು. ಆಗಲಿ ಎಂದ.

ಮೊದಲ ಎರಡು ಭಾನುವಾರ ನನ್ನ ಮಾನ ಹೋಯಿತು. ಇಡೀ ಜಿಲ್ಲೆಯ ಭಾಷಣ ಸ್ಪರ್ಧೆಗಳಿಗೆ ತೀರ್ಪು ಕೊಟ್ಟವಳು ನಾನು. ಉಚ್ಚಾರದ ವಿಷಯದಲ್ಲಿ ನನ್ನೆದುರು ಯಾರೂ ಬಾಯಿ ತೆರೆಯುವುದಿಲ್ಲ. ಆದರೆ ಮೈಕಿನ ಮುಂದೆ ನಿಂತು "ಏಳಿ ಮಕ್ಕಳೇ, ಸೂರ್ಯೋದಯವಾಯಿತು" ಎಂದರೆ ನಿರ್ದೇಶಕ ತಲೆ ಆಡಿಸುತ್ತಿದ್ದ. ನನ್ನ ಮಾತು ಮುಗಿದ ಮೇಲೂ ಟೀವಿಯಲ್ಲಿ ಮೊಗೆಕಾಯಿಯ ಬಾಯಿ ಪಟಪಟ ಆಡುತ್ತಲೇ ಇರುತ್ತಿತ್ತು. ಕೊನೆಗೆ ಅವನು ಕೊಂಕಣಿಯಲ್ಲಿ ಹೇಳಿದ: "ಮೇಡಂ, ನನಗೆ ನಿಮ್ಮ ಭಾಷೆ ಬರುವುದಿಲ್ಲ. ಆದರೆ ಈ ಅಜ್ಜಿ ಶಾಲೆಯ ಪ್ರಾರ್ಥನೆ ಹೇಳುತ್ತಿದ್ದಾಳೆ ಅಂತ ಮಾತ್ರ ಗೊತ್ತಾಗುತ್ತದೆ." ಮೈಯೆಲ್ಲ ಉರಿದುಹೋಯಿತು. ನನ್ನ ವಿದ್ಯಾರ್ಥಿನಿ ಗಾಜಿನಾಚೆ ತಲೆ ತಗ್ಗಿಸಿ ಕೂತಿದ್ದಳು. ನಗುತ್ತಿದ್ದಳೋ ನಾಚಿದ್ದಳೋ ತಿಳಿಯಲಿಲ್ಲ.

ಮೂರನೆಯ ಭಾನುವಾರ ಒಂದು ದೃಶ್ಯ. ಮೆಣಸಿನಕಾಯಿ ದೋಣಿಯ ಕಂಬದ ತುದಿಗೆ ಹತ್ತಿ ಕೂತಿದೆ. ಅಜ್ಜಿ ಕೆಳಗಿನಿಂದ ಕೂಗಬೇಕು. ಸ್ಕ್ರಿಪ್ಟಿನಲ್ಲಿ "ಎಲೈ ತುಂಟನೇ, ಕೂಡಲೇ ಕೆಳಗಿಳಿದು ಬಾ" ಎಂದಿತ್ತು. ಎಂಟು ಸಲ ಹೇಳಿದೆ. ಎಂಟು ಸಲವೂ ಆಗಲಿಲ್ಲ. ಒಂಬತ್ತನೆಯ ಸಲಕ್ಕೆ ನನಗೆ ಸಿಟ್ಟು ನೆತ್ತಿಗೇರಿತ್ತು. ಚಿತ್ರ ಶುರುವಾಯಿತು, ಬಾಯಿ ತೆರೆದೆ.

"ಏಯ್ ಮಾಣೀ, ಇಳೀತ್ಯಾ ಇಲ್ವಾ? ಬಿದ್ದು ಸೊಂಟ ಮುರ್ಕಂಡ್ರೆ ಯಾರ್ ನೋಡೂರು ನಿನ್ನ? ನಿನ್ನಪ್ಪ ಬತ್ನಾ?"

ಮೊಗೆಕಾಯಿಯ ಬಾಯಿ ನನ್ನ ಮಾತು ನಿಂತಲ್ಲೇ ನಿಂತಿತು. ಗಾಜಿನಾಚೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಇದೇ ಇದೇ!" ಎಂದು ನಿರ್ದೇಶಕ ಹೆಬ್ಬೆರಳು ಎತ್ತಿ ತೋರಿಸಿದ. ನಾನು ಮಾತ್ರ ಹೆಡ್‌ಫೋನು ತೆಗೆದು ಕೆಳಗಿಟ್ಟೆ. ಆ ಮಾತು ನನ್ನದಲ್ಲ. ನನ್ನ ಅವ್ವನದು.

ಅವ್ವ ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುತ್ತಾಳೆ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದ ಇಲ್ಲಿಯವರೆಗೆ ಅವಳದು ಒಂದೇ ಕೆಲಸ. ಭತ್ತ ಕೊಯ್ದಾದ ಮೇಲೆ ಗದ್ದೆಯಲ್ಲಿ ಹರಿವೆ ಸೊಪ್ಪು, ಬದನೆ, ಬೆಂಡೆ, ಮೊಗೆ ಹಾಕುವುದು, ಕೊಡದಲ್ಲಿ ನೀರು ಹೊತ್ತು ಹನಿಸುವುದು, ಬುಟ್ಟಿ ತುಂಬಿಸಿ ಮೊದಲ ಬಸ್ಸಿಗೆ ಪೇಟೆಗೆ ಹೋಗಿ ಗೋಣಿ ಹಾಸಿ ಕೂರುವುದು. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎಂಬ ಗಾದೆ ಅವಳಿಗೇ ಮಾಡಿದ್ದು. ಬೆಂಡೆಯ ತುದಿ ಮುರಿದು ಎಳತೋ ಬಲಿತದ್ದೋ ನೋಡುವ ಗಿರಾಕಿಗೆ, "ಬಾಲ ಮುರೀಬೇಡ್ರಾ ಒಡೇರೆ, ನಿಮ್ಮ ಬೆರಳು ಮುರಿದ್ರೆ ನೋಯೂದಿಲ್ವಾ?" ಎನ್ನುವಳು. ಗಿರಾಕಿ ನಗುತ್ತ ಅರ್ಧ ಕೇಜಿ ಹೆಚ್ಚು ಕೊಳ್ಳುವನು.

ಗಿರಾಕಿಗಳಿಗಿಂತ ಹೆಚ್ಚು ಅವಳು ಮಾತಾಡುವುದು ತರಕಾರಿಯ ಜೊತೆಗೆ. ಬೋಣಿಗೆ ಆಗುವ ಮೊದಲೇ ಹರಿವೆ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತ ಶುರುಮಾಡುತ್ತಾಳೆ. "ಏಳ್ರೇ, ಎದ್ದು ಮೊಕ ತೊಳ್ಕಣಿ. ಜನ ಬರೂ ಹೊತ್ತಾಯ್ತು. ಮೊಕ ಬಾಡ್ಸ್ಕಂಡು ಕೂತ್ರೆ ಯಾರ್ ಕರ್ಕಂಡು ಹೋಗೂರು ನಿಮ್ಮನ್ನ?" ಹೀಗಾಗಿ ಮಾತಾಡುವ ತರಕಾರಿ ಎಂದು ಕೇಳಿದಾಗ ನನಗೇನೂ ಆಶ್ಚರ್ಯವಾಗಿರಲಿಲ್ಲ. ಸಣ್ಣವಳಿದ್ದಾಗ ಗೋಣಿಯ ಮೂಲೆಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದ ನಾನು, ಅವು ಉತ್ತರ ಕೊಡುತ್ತವೆಂದೇ ತಿಳಿದಿದ್ದೆ. ನನಗೆ ಕೇಳಿಸುವುದಿಲ್ಲ ಅಷ್ಟೆ ಎಂದುಕೊಂಡಿದ್ದೆ.

ಆ ಭಾನುವಾರದ ಮೇಲೆ ನಾನು ಸ್ಕ್ರಿಪ್ಟು ಮಡಚಿಟ್ಟೆ. ಅವ್ವ ಬೈಯುವುದು, ಅವ್ವ ಮುದ್ದು ಮಾಡುವುದು, ಅವ್ವ ಆಕಳಿಸುತ್ತ ಅರ್ಧ ಮಾತು ನುಂಗುವುದು, ಎಲ್ಲವೂ ಸರಾಗವಾಗಿ ಬರತೊಡಗಿತು. ಪ್ರತಿ ಕಂತೂ ಶುರುವಾಗುವುದು ಮೊಗೆಕಾಯಿ ಅಜ್ಜಿ ದೋಣಿಯವರನ್ನು ಎಬ್ಬಿಸುವುದರಿಂದ. ಅಲ್ಲಿ ಹರಿವೆ ಕಟ್ಟಿಗೆ ಹೇಳುವ ಮಾತನ್ನು ಇದ್ದದ್ದು ಇದ್ದಹಾಗೆ ಎತ್ತಿ ಇಟ್ಟೆ. ರೈಲಿನಲ್ಲಿ ವಾಪಸು ಬರುವಾಗ ಮಾಜಾಳಿಯ ಹುಡುಗಿ, "ಅಕ್ಕೋರೆ, ಇದನ್ನ ನೀವು ಎಲ್ಲಿ ಬಚ್ಚಿಟ್ಕಂಡಿದ್ರಿ?" ಎಂದಳು.

ಅವ್ವನಿಗೆ ಹೇಳಲಿಲ್ಲ. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು, ಅವಳೆಲ್ಲಿ ನೋಡುತ್ತಾಳೆ ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ. ನಿಜ ಬೇರೆಯೇ ಇತ್ತು. ಬಿ.ಎಡ್. ಮುಗಿಸಿ ಬಂದಾಗಿನಿಂದ ನಾನು ಅವಳ ಹತ್ತಿರ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದೆ. ಮೊದಲ ದಿನ "ಊಟ ಮಾಡಿದೆಯಾ ಅವ್ವ?" ಎಂದದ್ದಕ್ಕೆ ಅವಳು, "ನಮ್ಮನೆಗೂ ರೇಡಿಯೋ ಬಂತಲೇ!" ಎಂದು ನಕ್ಕಿದ್ದಳು. ನಾನು ನಗಲಿಲ್ಲ. ಬರಬರುತ್ತ ಅವಳೂ ನನ್ನ ಹತ್ತಿರ ಹೆಚ್ಚು ಮಾತಾಡುವುದನ್ನು ಬಿಟ್ಟಳು. ಫೋನು ಮಾಡಿದರೆ "ಹ್ಞೂಂ", "ಆಯ್ತು", "ಅಡ್ಡಿಲ್ಲ". ಊರಿಗೆಲ್ಲ ಹರಿದುಹೋಗುವ ಬಾಯಿ ನನ್ನ ಮುಂದೆ ಮಾತ್ರ ಲೆಕ್ಕ ಹಾಕಿ ತೆರೆಯುತ್ತಿತ್ತು.

ಕಾರ್ಟೂನು ಮೊಬೈಲುಗಳಿಗೆ ಬಂತು. ನಮ್ಮ ಕಡೆಯ ಮಕ್ಕಳಿಗಂತೂ ಹುಚ್ಚು ಹಿಡಿಯಿತು. ತಮ್ಮ ಮನೆಯಲ್ಲಿ ಆಡುವಂಥ ಮಾತು ಪರದೇಶದ ಚಿತ್ರದಲ್ಲಿ ಕೇಳಿದ್ದು ಅವರಿಗೆ ಅದೇ ಮೊದಲು. ಸ್ಟಾಫ್ ರೂಮಿನಲ್ಲೂ ಸುದ್ದಿಯಾಯಿತು. ಸಹೋದ್ಯೋಗಿಯೊಬ್ಬರು, "ಎಷ್ಟು ಸಹಜವಾಗಿದೆ ಟೀಚರ್, ಆ ಭಾಷೆ ಎಲ್ಲಿ ಕಲಿತಿರಿ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಸೆರಗಿಗೆ ಹೋಯಿತು.

"ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುವ ಹೆಂಗಸರನ್ನು ಗಮನಿಸಿ ಕಲಿತೆ" ಎಂದೆ.

ಗಮನಿಸಿ! ನನ್ನನ್ನು ಹೆತ್ತವಳನ್ನು ನಾನು ಗಮನಿಸಿದ್ದೆನಂತೆ. ಅವರು ಮೆಚ್ಚಿ ತಲೆದೂಗಿದರು, ನಾನು ಚಾ ಕುಡಿದೆ.

ಮಳೆಗಾಲ ಮುಗಿದು ಹೊಸ ಹರಿವೆ ಪೇಟೆಗೆ ಬರುವ ಹೊತ್ತಿಗೆ ಅಂಕೋಲೆಯಿಂದ ಒಂದು ಫೋನು ಬಂತು. ಕೇಣಿ ಊರಿನ ಹೆಂಗಸಿನದು. ಅವ್ವನ ಪಕ್ಕದ ಗೋಣಿಯಲ್ಲಿ ಒಣಮೀನು ಮಾರುವವಳು, ಅವ್ವನ ಮೂವತ್ತು ವರ್ಷದ ಗೆಳತಿ.

"ತಂಗೀ, ನೀನು ಒಂದ್ಸಲ ಬಂದು ಹೋಗು. ನಿನ್ನವ್ವ ಬಾಯೇ ಬಿಡೂದಿಲ್ಲ. ಇವತ್ತಿಗೆ ನಾಕು ದಿನಾ ಆಯ್ತು. ಹರಿವೆ ಎಷ್ಟಕ್ಕೆ ಅಂತ ಕೇಳ್ದವ್ರಿಗೆ ಬೆರಳು ತೋರ್ಸೂದು. ನನ್ನ ಸಂಗಡಾನೂ ಇಲ್ಲ. ಅರ್ಧ ಬುಟ್ಟಿ ಹಂಗೇ ವಾಪಸು ಹೊತ್ಕಂಡು ಹೋಗೂದು. ಮೈಗೆ ಎಂತದೂ ಆಗ್ಲಿಲ್ಲ, ನಾ ಕೇಳ್ದೆ."

ಆದದ್ದು ಇಷ್ಟು. ಒಂದು ಬೆಳಿಗ್ಗೆ ಅವ್ವ ಎಂದಿನಂತೆ ಹರಿವೆಗೆ ನೀರು ಚಿಮುಕಿಸುತ್ತ "ಏಳ್ರೇ, ಎದ್ದು ಮೊಕ ತೊಳ್ಕಣಿ" ಎಂದಿದ್ದಾಳೆ. ಎದುರಿಗೆ ಬಸ್ಸಿಗೆ ಕಾಯುತ್ತಿದ್ದ ಶಾಲೆ ಮಕ್ಕಳ ಗುಂಪು ತಿರುಗಿ ನೋಡಿದೆ. ಅವಳು ಮುಂದಿನದು ಹೇಳುವ ಮೊದಲೇ ಅವರೇ ಒಕ್ಕೊರಲಿನಲ್ಲಿ, "ಯಾರ್ ಕರ್ಕಂಡು ಹೋಗೂರು ನಿಮ್ಮನ್ನ!" ಎಂದು ಕೂಗಿ, "ಮೊಗೆಕಾಯಿ ಅಜ್ಜಿ! ಮೊಗೆಕಾಯಿ ಅಜ್ಜಿ!" ಎಂದು ಕುಣಿದಿದ್ದಾರೆ. ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ಆಗ ಒಣಮೀನಿನ ಗೆಳತಿಯೇ ತನ್ನ ಮೊಬೈಲಿನಲ್ಲಿ ಕಾರ್ಟೂನು ಹಾಕಿ ತೋರಿಸಿದ್ದಾಳೆ. ಅವ್ವ ಒಂದು ಕಂತನ್ನು ಪೂರಾ ನೋಡಿ, "ನನ್ನ ಮಗಳ ದನಿ" ಎಂದಷ್ಟೇ ಹೇಳಿ ಮೊಬೈಲು ವಾಪಸು ಕೊಟ್ಟಳಂತೆ. ಅಲ್ಲಿಂದ ಮಾತಿಲ್ಲ.

ಬಾಯಿಯಿಂದಲೇ ಬದುಕಿದವಳ ಬಾಯಿಯನ್ನು ನಾನು ಮುಚ್ಚಿಸಿದ್ದೆ. ಊರ ಮಕ್ಕಳ ಮುಂದೆ ಅವಳನ್ನು ನಗೆಪಾಟಲು ಮಾಡಿದ್ದೆ. ಆ ಹೊತ್ತಿಗೆ ನನಗೆ ಹೊಳೆದದ್ದು ಅಷ್ಟೆ. ಮರುದಿನ ರಜೆ ಹಾಕಿ ಅಂಕೋಲೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಹೊಡೆದುಹಾಕಿ ಮತ್ತೆ ಬರೆದೆ. ಇವಳು ಇನ್ನು ನನ್ನ ಹತ್ತಿರ ಮಾತಾಡದಿದ್ದರೆ ಎಂಬ ಹೆದರಿಕೆ ಮೊದಲ ಸಲ ಹುಟ್ಟಿತು. "ಹ್ಞೂಂ", "ಆಯ್ತು", "ಅಡ್ಡಿಲ್ಲ" ಕೂಡ ಇಲ್ಲದೆ ಹೋದರೆ?

ಅವ್ವ ಗೋಣಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು, ತುಸು ಸರಿದು ಜಾಗ ಮಾಡಿದಳು. ಕೂತೆ. ಗೆಳತಿ ಮೀನಿನ ಬುಟ್ಟಿಯ ಮೇಲೆ ಗೋಣಿ ಎಳೆದು ಚಾ ಕುಡಿದು ಬರುತ್ತೇನೆಂದು ಎದ್ದು ಹೋದಳು.

"ಅವ್ವ, ನನ್ನಿಂದ ತಪ್ಪಾಗಿದೆ. ಕ್ಷಮಿಸಬೇಕು" ಎಂದೆ. ಹೆಡ್‌ಮಾಸ್ತರಿಗೆ ಕೊಡುವ ರಜೆ ಅರ್ಜಿಯ ಹಾಗೆ ನನ್ನ ಕಿವಿಗೇ ಕೇಳಿಸಿತು.

ಅವಳು ಬದನೆಕಾಯಿಗಳ ತೊಟ್ಟು ಒಂದೇ ಕಡೆಗೆ ಬರುವಂತೆ ಜೋಡಿಸುತ್ತಿದ್ದಳು.

"ಮಕ್ಕಳು ನಕ್ಕದ್ದಕ್ಕೆ ನಿನಗೆ ನೋವಾಯಿತು. ನನಗೆ ಗೊತ್ತಾಗುತ್ತದೆ."

"ಮಕ್ಕಳು ನಗದೆ ಮತ್ತೆಂತ, ಅಳೂಕಾ?"

ಐದನೆಯ ದಿನಕ್ಕೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ನಾನು ಬೆಚ್ಚಿಬಿದ್ದೆ.

"ಚಲೋ ಅದೆ ಆ ಮೊಗೆಕಾಯಿ" ಎಂದಳು. "ನಂಗೂ ನಗೆ ಬಂತು. ಆ ಮೆಣಸಿನ ಮಾಣಿಗೆ ಬೈತದಲೇ, ಸಮಾ ಬೈತದೆ."

"ಮತ್ತೇಕೆ ಮಾತು ಬಿಟ್ಟೆ ಅವ್ವ?"

ಅವ್ವ ಬದನೆ ಜೋಡಿಸುವುದನ್ನು ನಿಲ್ಲಿಸಿದಳು.

"ನೀನು ಮರ್ತೋಯ್ದಿ ಅಂತ ಮಾಡಿದ್ದೆ ನಾನು. ಓದಿದ್ರೆ ಹಂಗೇ, ನಮ್ಮ ಮಾತು ಮರ್ತೋಗ್ತದೆ, ಮರ್ತವ್ರಿಗೆ ಎಂತ ಹೇಳೂದು ಅಂತ ಸುಮ್ಮಂಗಿದ್ದೆ. ಇಷ್ಟು ವರ್ಷ. ಮರೀಲೇ ಇಲ್ವಲೇ ನೀನು! ಒಂದು ಮಾತೂ ಮರೀಲಿಲ್ಲ. ನಾ ಆಕಳ್ಸೂದು ಸಹ ನೆನಪದೆ ನಿಂಗೆ. ಅಷ್ಟೂ ಒಳಗೆ ಇಟ್ಕಂಡು, ಕಂಡವ್ರ ಮಕ್ಕಳಿಗೆಲ್ಲ ಆಡಿ ತೋರ್ಸ್ದೆ. ನನ್ನ ಸಂಗಡ ಒಂದಿನಾ ಆಡ್ಲಿಲ್ಲ."

ಒಬ್ಬರು ಬಂದು ಬೆಂಡೆ ಕೇಳಿದರು; ಅವ್ವ ಕೈ ಸನ್ನೆಯಲ್ಲೇ ಆಮೇಲೆ ಬನ್ನಿ ಎಂದು ಕಳಿಸಿದಳು. ಗಿರಾಕಿಯನ್ನು ಅವಳು ಹಾಗೆ ವಾಪಸು ಕಳಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಾಚ್ಕೆ ಆಗ್ತಿತ್ತು ಅವ್ವ" ಎಂದೆ.

"ಯಾರ್ದು? ನಂದಾ?"

ಇಲ್ಲ ಎನ್ನಬಹುದಿತ್ತು. ಯಾವ ಮಗಳಾದರೂ ಇಲ್ಲ ಎನ್ನುತ್ತಿದ್ದಳು.

"ಹೌದು" ಎಂದೆ.

ಅವ್ವ ತಲೆಯಾಡಿಸಿದಳು. ಸಿಟ್ಟು ಕಾಣಲಿಲ್ಲ. "ಅದು ನಂಗೊತ್ತದೆ" ಎಂದಳು. "ನೀನು ಹೇಳ್ತ್ಯಾ ಇಲ್ವಾ ಅಂತ ನೋಡ್ದೆ."

"ನಿನಗೆ ಹೇಗೆ ಗೊತ್ತು?"

"ಪರೀಕ್ಷೆ ಕೆಲಸ ಅಂತ ಅಂಕೋಲೆಗೆ ಬಂದಿದ್ಯಲೇ ಒಂದ್ಸಲ. ನೌಕರಿ ಸಿಕ್ಕಿದ ಹೊಸ್ತು. ಮೂರು ಜನ ಅಕ್ಕೋರು ಇದ್ರು ನಿನ್ನ ಸಂಗಡ."

ಇದನ್ನು ನಾನು ಇಲ್ಲಿಯವರೆಗೆ ಬರೆಯದೆ ತಪ್ಪಿಸಿಕೊಂಡು ಬಂದಿದ್ದೆ. ಅವ್ವನೂ ಮರೆತಿದ್ದಾಳೆ ಎಂದು ನಂಬಿಕೊಂಡಿದ್ದೆ. ಆ ದಿನ ಸಂಜೆ ಜೊತೆಯ ಟೀಚರುಗಳಿಗೆ ಸೊಪ್ಪು ಬೇಕಿತ್ತು. ಬೇರೆ ಕಡೆ ಕರೆದೊಯ್ಯಲು ನೋಡಿದೆ, ಅವರು ನೇರ ಅವ್ವನ ಗೋಣಿಯ ಮುಂದೆಯೇ ಹೋಗಿ ನಿಂತರು. ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು, ನನ್ನ ಮುಖ ನೋಡಿದಳು, ನನ್ನ ಜೊತೆಗಿದ್ದವರ ಸೀರೆ ನೋಡಿದಳು. ಆಮೇಲೆ, "ಎಂತ ಬೇಕ್ರಾ ಅಕ್ಕೋರೆ?" ಎಂದು ನನ್ನನ್ನೇ ಕೇಳಿದಳು, ಯಾವ ಗಿರಾಕಿಯನ್ನಾದರೂ ಕೇಳುವ ಹಾಗೆ. ನಾನು ಹರಿವೆಯ ಕಡೆ ಕೈ ತೋರಿಸಿದೆ.

"ನೀನು ಎರಡು ಕಟ್ಟು ತಕಂಡೆ" ಎಂದಳು ಅವ್ವ. "ಎಷ್ಟು ಅಂತ ಕೇಳ್ದೆ. ಐದು ರೂಪಾಯಿ ಅಂದೆ ನಾ. ನೀನು ಚೌಕಾಶಿ ಬೇರೆ ಮಾಡ್ದೆ, ಮಾರಾಯ್ತಿ!"

ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಾಗಲಿಲ್ಲ. ಗೋಣಿಯ ಮೇಲೆ ಮುಂದಕ್ಕೆ ಬಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಚಾ ಕುಡಿದು ಬರುತ್ತಿದ್ದ ಗೆಳತಿ ದಾರಿಯಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದಳು. ಒಬ್ಬಳು ನಗುತ್ತಿದ್ದಳು, ಇನ್ನೊಬ್ಬಳು ಪೇಟೆಯ ನಟ್ಟನಡುವೆ ಸೆರಗು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದಳು.

ಅವ್ವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಾಕಕ್ಕೆ ಕೊಟ್ಟೆ ಕಾಣು" ಎಂದಳು. "ಮಗಳಲ್ವಾ ಅಂತ."